ಮೇಲೆ ಕೆಟ್ಟರೆ ಹಿಂದಕ್ಕೆ ಬರಲಿ ಬಿಡಿ!

ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ಅಂಗಡಿಯವರು ತಕ್ಕಡಿ ಬಿಟ್ಟು ಬೀದಿಗೆ ಬರುತ್ತಾರೆ. ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ಕತ್ತು ಚಾಚುತ್ತಾರೆ. ಚುನಾವಣೆ ಬಂತೆಂದರೆ ನಮ್ಮ ಹೈಸ್ಕೂಲು ಮೈದಾನಗಳು ರಾತ್ರೋರಾತ್ರಿ ಹೆಲಿಪ್ಯಾಡ್ ಆಗಿಬಿಡುತ್ತವೆ. ಸುಣ್ಣದಲ್ಲಿ ಒಂದು ವೃತ್ತ, ನಾಲ್ಕು ಜನ ಪೊಲೀಸರು, ಒಂದು ಹಾರದ ತಟ್ಟೆ. ಮುಗಿಯಿತು! ಮೇಲಿರುವ ಯಂತ್ರ ಕೆಟ್ಟರೆ ಗತಿ ಏನು ಅಂತ ಯಾರೂ ಕೇಳುವುದಿಲ್ಲ.

ಕೇಳಬೇಕು ಸ್ವಾಮೀ. ಯಂತ್ರ ಅಂದ ಮೇಲೆ ಕೆಡುವುದೇ. ಬಸ್ಸು ಕೆಟ್ಟರೆ ರಸ್ತೆ ಪಕ್ಕಕ್ಕೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಬಸ್ಸಿಗೆ ಕಾಯಬಹುದು. ಆಕಾಶದಲ್ಲಿ ‘ಪಕ್ಕ’ ಎಂಬುದೇ ಇಲ್ಲ. ಅದಕ್ಕೇ ಪೈಲಟ್‌ಗಳಿಗೆ ಕಲಿಸುವ ಮೊದಲ ಪಾಠ ಇದು: ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ರೇಡಿಯೋದಲ್ಲಿ ಮಾತಾಡು. ಕೇಳಲು ಸುಲಭ, ನಡೆಸಲು ಕಷ್ಟ.

ಅಮೆರಿಕದ ಮಿಸೌರಿ ರಾಜ್ಯದ ಗವರ್ನರ್ ಮೆಲ್ ಕಾರ್ನಹನ್ ಅವರ ಕಥೆ ನೋಡಿ. 2000ನೇ ಇಸವಿ ಅಕ್ಟೋಬರ್ 16ರ ರಾತ್ರಿ. ಚುನಾವಣೆಗೆ ಇನ್ನು ಮೂರೇ ವಾರ. ಸಣ್ಣ ಸೆಸ್ನಾ ವಿಮಾನ, ಹಾರಿಸುತ್ತಿದ್ದವರು ಗವರ್ನರ್ ಅವರ ಮಗನೇ. ಹೊರಗೆ ಮಳೆ, ಮೋಡ, ಕತ್ತಲು. ವಿಮಾನ ಮಟ್ಟವಾಗಿದೆಯೋ ವಾಲಿದೆಯೋ ಎಂದು ತೋರಿಸುವ ಉಪಕರಣವೊಂದಿರುತ್ತದೆ. ಪೈಲಟ್ ಮುಂದಿದ್ದ ಆ ಉಪಕರಣ ಕೈಕೊಟ್ಟಿತು. ಪಕ್ಕದ ಸೀಟಿನ ಮುಂದೆ ಇದ್ದ ಇನ್ನೊಂದನ್ನು ನೋಡುತ್ತ ಹಾರಿಸಬೇಕಾಯಿತು. ಮೋಡದೊಳಗೆ ಮನುಷ್ಯನ ಕಿವಿ, ಕಣ್ಣು ಎರಡೂ ಸುಳ್ಳು ಹೇಳುತ್ತವೆ; ವಾಲಿದ್ದು ನೆಟ್ಟಗಿದ್ದಂತೆ ಅನ್ನಿಸುತ್ತದೆ. ವಿಮಾನ ನೆಲಕ್ಕೆ ಬಡಿಯಿತು. ಒಳಗಿದ್ದ ಮೂವರೂ ಹೋದರು. ಪೈಲಟ್ ದಿಕ್ಕು ತಪ್ಪಿ ಹತೋಟಿ ಕಳೆದುಕೊಂಡದ್ದೇ ಮುಖ್ಯ ಕಾರಣ, ಕೆಟ್ಟ ಉಪಕರಣ ಮತ್ತು ಹವೆ ಅದಕ್ಕೆ ಕೂಡಿಕೊಂಡವು ಎಂದು ತನಿಖೆ ಹೇಳಿತು. ಮತಪತ್ರದಲ್ಲಿ ಹೆಸರು ಹಾಗೇ ಉಳಿದಿತ್ತು. ಸತ್ತ ಮೇಲೆ ಅವರು ಸೆನೆಟ್‌ಗೆ ಗೆದ್ದರು! ಆ ಗೆಲುವಿನಿಂದ ಯಾರಿಗೆ ಏನು ಸುಖ?

ಅಷ್ಟು ದೂರ ಯಾಕೆ, ಪಕ್ಕದ ಆಂಧ್ರಕ್ಕೇ ಬನ್ನಿ. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರು ಹೈದರಾಬಾದಿನ ಬೇಗಂಪೇಟೆಯಿಂದ ಚಿತ್ತೂರು ಜಿಲ್ಲೆಗೆ ಹೊರಟರು. ಅದು ಸರ್ಕಾರಿ ಹೆಲಿಕಾಪ್ಟರ್. ನಲ್ಲಮಲ ಕಾಡಿನ ಮೇಲೆ ಕಾರ್ಮೋಡ. ಅದೇ ಹೊತ್ತಿಗೆ ಎಣ್ಣೆಯ ಒತ್ತಡ ಕಡಿಮೆ ಎಂದು ಎಚ್ಚರಿಕೆಯ ಸೂಚನೆ ಬಂತು. ಪೈಲಟ್‌ಗಳಿಬ್ಬರೂ ಅದಕ್ಕೇನು ಮಾಡಬೇಕೆಂದು ಪುಸ್ತಕ ತಿರುವಿ ಹುಡುಕುವುದರಲ್ಲಿ ಮುಳುಗಿದರು, ಅಷ್ಟರಲ್ಲಿ ಹೆಲಿಕಾಪ್ಟರ್ ಬಿರುಗಾಳಿಯ ಮೋಡದೊಳಗೆ ನುಗ್ಗಿತ್ತು ಎಂದು ತನಿಖಾ ಸಮಿತಿ ಬರೆಯಿತು. ಐವರೂ ಉಳಿಯಲಿಲ್ಲ. ಒಂದು ಸೂಚನೆ ಐದು ಜೀವ ತೆಗೆಯಲಿಲ್ಲ. ಎಲ್ಲರ ಕಣ್ಣೂ ಆ ಸೂಚನೆಯ ಮೇಲೇ ನೆಟ್ಟಿದ್ದು ತೆಗೆಯಿತು.

ಹಾಗಂತ ಕೆಟ್ಟ ಯಂತ್ರವೆಲ್ಲ ಮಸಣಕ್ಕೇ ಒಯ್ಯುತ್ತದೆ ಅಂತೇನಿಲ್ಲ. 2023ರ ಮೇ 2ರಂದು ಡಿ.ಕೆ. ಶಿವಕುಮಾರ್ ಅವರು ಪ್ರಚಾರಕ್ಕೆಂದು ಬಾಡಿಗೆ ಹೆಲಿಕಾಪ್ಟರಿನಲ್ಲಿ ಮುಳಬಾಗಿಲಿಗೆ ಹೊರಟಿದ್ದರು. ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಸಭೆಗೆ ಜನ ಕಾಯುತ್ತಿದ್ದರು. ಪೈಲಟ್ ಮುಂದೆ ಹೋಗಲಿಲ್ಲ. ಸೀದಾ ಬೆಂಗಳೂರಿನ ಎಚ್‌ಎಎಲ್‌ಗೆ ತಿರುಗಿಸಿ ಇಳಿಸಿದರು. ಜೀವ ಉಳಿಯಿತು. ಅದೇ ತಿಂಗಳ 30ರಂದು ಬೆಳಗಾವಿಯ ಸಾಂಬ್ರಾದಿಂದ ಮೇಲೇರಿದ್ದ ತರಬೇತಿ ವಿಮಾನಕ್ಕೆ ಎಂಜಿನ್ ತೊಂದರೆ ಆಯಿತು. ಹೊಲದಲ್ಲಿ ಇಳಿಸಿದರು, ಒಳಗಿದ್ದ ಇಬ್ಬರೂ ಬದುಕಿದರು. ಎಂಜಿನ್ ನಿಂತರೂ ಸಣ್ಣ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ಗರುಡ ರೆಕ್ಕೆ ಬಿಚ್ಚಿದಂತೆ ತೇಲುತ್ತ ಇಳಿಯುತ್ತದೆ. ಬಯಲು ಆರಿಸಲು ತಲೆ ತಣ್ಣಗಿರಬೇಕು, ಅಷ್ಟೇ.

ಇಲ್ಲೇ ನಮ್ಮ ಪಾಲಿನ ಮಾತು ಬರುವುದು. ಆ ತಲೆಯನ್ನು ಬಿಸಿ ಮಾಡುವವರು ಯಾರು? ‘ಸಾಹೇಬರು ಲೇಟಾದರೆ ಜನ ಎದ್ದು ಹೋಗ್ತಾರೆ’ ಎನ್ನುವ ಸಂಘಟಕರು. ‘ಇಷ್ಟು ಸಣ್ಣದಕ್ಕೆ ವಾಪಸ್ಸಾ?’ ಎನ್ನುವ ಮುಖಂಡರು. ಬಾಡಿಗೆ ಹಣ ಲೆಕ್ಕ ಹಾಕುವವರು. ಪೈಲಟ್ ಇಳಿಯುವುದಿಲ್ಲ ಅಂದರೆ ಇಳಿಯುವುದಿಲ್ಲ, ಅಷ್ಟೇ. ಮಂತ್ರಿಯಾಗಲಿ ಸಾಹುಕಾರನಾಗಲಿ, ಹಾರುವಾಗ ಆತನ ಮಾತೇ ಕಡೆಯ ಮಾತಾಗಬೇಕು.

ಸಂಬಂಧಪಟ್ಟ ಅಧಿಕಾರಿಗಳಿಗೂ ಎರಡು ಮಾತು. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಮೈದಾನದ ಪ್ಲಾಸ್ಟಿಕ್ ಚೀಲಗಳೆಲ್ಲ ಮೇಲೆದ್ದವು. ಪೈಲಟ್ ಇಳಿಸದೆ ಮತ್ತೆ ಮೇಲೇರಿಸಿ, ಕಸ ತೆಗೆಸಿದ ಮೇಲೆ ಇಳಿಸಿದರು. ಸುಣ್ಣ ಬಳಿಯುವ ಮೊದಲು ಕಸ ಗುಡಿಸಿ. ಇದಕ್ಕೇನು ಟೆಂಡರ್ ಕರೆಯಬೇಕೇ?

ಇನ್ನು ನಾವು. ಹೊಲದಲ್ಲಿ ವಿಮಾನ ಇಳಿದರೆ ಜಾತ್ರೆ ಸೇರಬಾರದು. ಅದರ ತುಂಬ ಇಂಧನ ಇರುತ್ತದೆ. ಬೀಡಿ ಹಚ್ಚಬೇಡಿ, ರೆಕ್ಕೆ ಮುಟ್ಟಬೇಡಿ, ಸೆಲ್ಫಿ ಬೇಡವೇ ಬೇಡ. 112ಕ್ಕೆ ಫೋನ್ ಮಾಡಿ, ಆಂಬುಲೆನ್ಸಿಗೆ ದಾರಿ ಬಿಡಿ.

ಅವಸರವೇ ಅಪಘಾತಕ್ಕೆ ಕಾರಣ ಎಂದು ಲಾರಿ ಬಸ್ಸುಗಳ ಹಿಂದೆ ದಿನಾ ಓದುತ್ತೇವೆ. ಅದು ರಸ್ತೆಗೆ ಮಾತ್ರ ಬರೆದದ್ದಲ್ಲ. ಬ್ರೇಕ್ ಸರಿಯಿಲ್ಲ ಎಂದು ಬಸ್ ಹೊರಡಿಸದ ಡ್ರೈವರನ್ನೂ, ಹವೆ ಸರಿಯಿಲ್ಲ ಎಂದು ಹಿಂದಿರುಗಿದ ಪೈಲಟನ್ನೂ ಬೈಯುವ ಊರಿನಲ್ಲಿ ಧೈರ್ಯವಾಗಿ ‘ಬೇಡ’ ಎನ್ನುವವರು ಉಳಿಯುವುದಿಲ್ಲ. ಸಭೆ ನಾಳೆ ನಡೆದೀತು, ಭಾಷಣ ನಾಡಿದ್ದು ಕೇಳೋಣ. ಹೋದ ಜೀವ ಯಾವ ಬಸ್ಸಿಗೂ ವಾಪಸ್ ಬರುವುದಿಲ್ಲ.