ಹೋಂವರ್ಕ್ ನೋಡಲು ಮರಾಠಿ ಪಂಡಿತರಾಗಬೇಕಿಲ್ಲ

ಕಳಮೇಶ್ವರದ ಕನ್ನಡ ತಂದೆತಾಯಂದಿರಲ್ಲಿ ವಿನಂತಿ

“ಗಣಿತ ಆದ್ರೆ ಹೇಗೋ ನೋಡ್ತೀನಿ. ಇತಿಹಾಸ, ವ್ಯಾಕರಣ ಎಲ್ಲಾ ಮರಾಠಿಯಲ್ಲಿದೆ, ನನಗೇನು ತಿಳಿಯುತ್ತೆ?” ಪಾಳಿ ಮುಗಿಸಿ ಬಂದ ಅಪ್ಪ ಹೀಗೆಂದು ಮಗುವನ್ನು ಟ್ಯೂಷನ್ನಿಗೆ ಅಟ್ಟುತ್ತಾನೆ, ಇಲ್ಲವೇ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗುತ್ತಾನೆ. ನಾವು ಹೇಳುವುದು ಇದರ ತಿರುವುಮುರುವು. ಬೇಕಿದ್ದರೆ ಗಣಿತಕ್ಕೆ ಟ್ಯೂಷನ್ ಇಡಿ. ಇತಿಹಾಸ, ವ್ಯಾಕರಣ, ಸಾಹಿತ್ಯಕ್ಕೆ ಕನ್ನಡ ಬಲ್ಲ ನೀವೇ ಸಾಕು.

ಇಲ್ಲಿ ನಾಲ್ಕನೇ ತರಗತಿಯ ಇತಿಹಾಸವೆಂದರೆ ಶಿವಾಜಿ ಮಹಾರಾಜರ ಚರಿತ್ರೆ. ಆ ಪುಸ್ತಕದಲ್ಲಿ ಬರುವ ಶಿವಾಜಿಯ ತಂದೆ ಶಹಾಜಿಗೆ ಬೆಂಗಳೂರು ಜಹಗೀರಾಗಿತ್ತು. 1664ರಲ್ಲಿ ಆತ ತೀರಿಕೊಂಡದ್ದು ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ; ಸಮಾಧಿ ಇಂದಿಗೂ ಅಲ್ಲಿದೆ. ದಾವಣಗೆರೆ ಕಡೆಯ ಅಮ್ಮನಿಗೆ ಇದನ್ನು ಹೇಳಲು ಯಾವ ಗೈಡ್ ಬೇಕು?

ದೊಡ್ಡ ತರಗತಿಯಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬರುತ್ತಾನೆ, ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯೊಂದಿಗೆ. ಮಕ್ಕಳು ಸತಾರಾ, ಝಾನ್ಸಿ, ನಾಗಪುರ ಎಂದು ಉರುಹೊಡೆಯುತ್ತಾರೆ. ನಾಗಪುರ ಎಂದರೆ ನಮ್ಮ ಬಸ್ಸು ದಿನಾ ಹೋಗುವ ಊರೇ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ! ಅಲ್ಲಿನ ರಾಜ ಮೂರನೇ ರಘೂಜಿ ಭೋಸಲೆ ಗಂಡು ಸಂತಾನವಿಲ್ಲದೆ 1853ರಲ್ಲಿ ತೀರಿಕೊಂಡ. ಮರುವರ್ಷ ಈಸ್ಟ್ ಇಂಡಿಯಾ ಕಂಪನಿ ರಾಜ್ಯವನ್ನು ನುಂಗಿತು. ಅರಮನೆಯ ಆನೆ, ಕುದುರೆಗಳೂ ಹರಾಜಾದವು. ಆಗ ನೀವು ಕಿತ್ತೂರಿನ ಕಥೆ ತೆಗೆಯಿರಿ. ಡಾಲ್‌ಹೌಸಿ ಬರುವುದಕ್ಕೂ ಎರಡು ದಶಕ ಮೊದಲೇ, 1824ರಲ್ಲಿ, ರಾಣಿ ಚೆನ್ನಮ್ಮನ ದತ್ತುಪುತ್ರನನ್ನು ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಂಪನಿಯ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತುಬಿದ್ದ. ಎರಡು ಊರು, ಒಂದೇ ತಕರಾರು. ಎರಡನ್ನೂ ಹೋಲಿಸಿ ನೋಡಿದ ಮಗು ಉತ್ತರವನ್ನು ತಾನೇ ಬರೆಯುತ್ತದೆ.

ವ್ಯಾಕರಣಕ್ಕೆ ಇಷ್ಟು ಹೆದರಿಕೆ ಯಾಕೋ ತಿಳಿಯದು. ಸಂಧಿ, ಸಮಾಸ, ವಿಭಕ್ತಿ, ಕರ್ತರಿ, ಕರ್ಮಣಿ: ಹೆಸರುಗಳು ಮರಾಠಿಯಲ್ಲೂ ಇವೇ. ಭಾವೇ ಪ್ರಯೋಗವೊಂದು ಹೊಸದು, ಅದನ್ನು ಮಗುವಿನಿಂದಲೇ ಹೇಳಿಸಿಕೊಳ್ಳಿ. ನಮ್ಮ ಮಕ್ಕಳು ಎಡವುವುದು ಲಿಂಗದಲ್ಲಿ. ಮರಾಠಿಯಲ್ಲಿ ಖುರ್ಚಿ ಸ್ತ್ರೀಲಿಂಗ, ದರವಾಜಾ ಪುಲ್ಲಿಂಗ, ಘರ ನಪುಂಸಕ. ಕನ್ನಡದಲ್ಲಿ ಈ ಮೂರೂ ‘ಅದು’. ನಾವು ಅರ್ಥ ನೋಡಿ ಲಿಂಗ ಹೇಳುತ್ತೇವೆ, ಮರಾಠಿಗರು ಪದವನ್ನೇ ಲಿಂಗದ ಜೊತೆ ಕಲಿಯುತ್ತಾರೆ. ಇಷ್ಟನ್ನು ಬಿಡಿಸಿ ಹೇಳಿದರೆ ಮಗು ತಾನು ದಡ್ಡ ಎಂದುಕೊಳ್ಳುವುದನ್ನು ಬಿಡುತ್ತದೆ.

ಪಠ್ಯದಲ್ಲಿ ತುಕಾರಾಮರ ಅಭಂಗವಿದ್ದರೆ ನೀವು ಪುರಂದರದಾಸರ ಒಂದು ಪದ ಹಾಡಿ. ಅಭಂಗದ ಕೊನೆಗೆ ತುಕಾರಾಮರ ಹೆಸರು ಬರುತ್ತದೆ, ಪದದ ಕೊನೆಗೆ ‘ಪುರಂದರ ವಿಠಲ’ ಅಂಕಿತ. ಇಬ್ಬರಿಗೂ ದೇವರು ಪಂಢರಪುರದವನೇ.

ಒಂದು ಮಾತ್ರ ಬೇಡ: ಮಗುವಿನ ಬದಲು ನೀವು ಬರೆದುಕೊಡುವುದು. ಅಂಗಡಿಯಿಂದ ಪ್ರಾಜೆಕ್ಟ್ ಚಾರ್ಟ್ ಕೊಂಡು ತರುವುದೂ ಅದೇ ಜಾತಿಯ ತಪ್ಪು, ದುಡ್ಡು ದಂಡ ಬೇರೆ. ಕೇಳಿ, ಹೇಳಿ, ಪೆನ್ನು ಮಾತ್ರ ಮುಟ್ಟಬೇಡಿ. ಮಗು ಮರಾಠಿ ವಾಕ್ಯವನ್ನು ಓದಿ ಕನ್ನಡದಲ್ಲಿ ನಿಮಗೆ ತಿಳಿಸಲಿ. ತಿಳಿಸುವಾಗ ಎಲ್ಲಿ ತಡವರಿಸುತ್ತದೋ ಅಲ್ಲಿ ಪಾಠ ತಲೆಗೆ ಹತ್ತಿಲ್ಲ ಎಂದರ್ಥ.

ದಿನಕ್ಕೆ ಅರ್ಧ ಗಂಟೆ, ಟಿವಿ ಆರಿಸಿ ಕೂರಿ. ಇವತ್ತೇ ಊಟಕ್ಕೆ ಮುಂಚೆ ಮಗುವಿನ ಇತಿಹಾಸದ ಪುಸ್ತಕ ತೆಗೆಸಿ, ಶಹಾಜಿಯ ಪುಟ ಹುಡುಕಿಸಿ, ಹೊದಿಗೆರೆಯ ಹೆಸರು ಹೇಳಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಕನ್ನಡ ಮನೆಗೆ ದಾಟಿಸಿ.