ಹಿಮಕುಸಿತ: ಹನುಮಂತಪ್ಪನವರಿಗೆ ಸಿಕ್ಕ ಆರು ದಿನ ಎಲ್ಲರಿಗೂ ಸಿಗಲ್ಲ

ಹಿಮಕುಸಿತ ಅಂದರೆ ನಮಗೆ ಈಗಲೂ ಮೊದಲು ನೆನಪಾಗುವುದು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರ ಮೇಲೆ ಹಿಮ ಕುಸಿಯಿತು. ಆರು ದಿನದ ನಂತರ ಧಾರವಾಡ ಜಿಲ್ಲೆಯ ಬೆಟದೂರಿನ ಈ ಯೋಧ ಜೀವಂತವಾಗಿ ಸಿಕ್ಕರು; 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಇಡೀ ರಾಜ್ಯ ಟಿವಿ ಮುಂದೆ ಕೂತು ಪ್ರಾರ್ಥಿಸುತ್ತಿತ್ತು. ನಾನೂ ಕೂತಿದ್ದೆ.

ಆ ನೆನಪೇ ನಮ್ಮ ದಾರಿ ತಪ್ಪಿಸುತ್ತಿದೆಯೇನೋ ಅನ್ನೋದು ನನ್ನ ಅನುಮಾನ. ಹಿಮದಡಿ ಸಿಕ್ಕವರಿಗೆ ಸೇನೆ ಬರುವವರೆಗೆ ಕಾಯುವಷ್ಟು ಸಮಯ ಇರುತ್ತೆ ಅಂದುಕೊಂಡಿದ್ದೇವೆ. ಇರಲ್ಲ. ಯುರೋಪಿನ ಅಧ್ಯಯನಗಳ ಪ್ರಕಾರ, ಪೂರ್ತಿ ಹೂತುಹೋದವರನ್ನು ಮೊದಲ 10 ನಿಮಿಷದಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಹೆಚ್ಚುಕಡಿಮೆ ಮೂರೇ ಮಂದಿ. ಬಹುತೇಕರನ್ನು ಕೊಲ್ಲುವುದು ಚಳಿಯಲ್ಲ, ಉಸಿರುಗಟ್ಟುವಿಕೆ. ಸಿಯಾಚಿನ್‌ನಲ್ಲಿ ಕುಸಿದ ಟೆಂಟಿನೊಳಗೆ ಗಾಳಿ ಉಳಿದಿತ್ತು. ಸ್ಕೀ ಮಾಡುವವರಿಗೆ ಟೆಂಟ್ ಎಲ್ಲಿಂದ ಬರಬೇಕು?

ಹಾಗಾಗಿ ಕಾಪಾಡುವವರು ಪಕ್ಕದಲ್ಲಿದ್ದ ಗೆಳೆಯರೇ. ಅವರ ಬಳಿ ಮೂರು ಸಾಮಾನು ಇರಲೇಬೇಕು. ಒಂದು ಬೀಕನ್: ಎದೆಗೆ ಕಟ್ಟಿಕೊಳ್ಳುವ ಪುಟ್ಟ ರೇಡಿಯೊ, 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತಲೇ ಇರುತ್ತದೆ. ಅವಘಡವಾದಾಗ ಉಳಿದವರು ತಮ್ಮದನ್ನು ಹುಡುಕುವ ಮೋಡ್‌ಗೆ ಹಾಕಿ, ಹೂತವರಿಗೆ ಎಷ್ಟು ಹತ್ತಿರ ಬಂದೆವು ಅಂತ ನೋಡುತ್ತಾ ಹೋಗಬೇಕು. ಆಮೇಲೆ ಮಡಚುವ ಉದ್ದ ಕೋಲಿನಿಂದ ಚುಚ್ಚಿ ದೇಹ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಪತ್ತೆ ಮಾಡಬೇಕು. ಕೊನೆಗೆ ಲೋಹದ ಸಲಿಕೆ. ಜಾರಿ ನಿಂತ ಹಿಮ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತೆ, ಬರಿಗೈಲಿ ಅಗೆಯೋಕಾಗಲ್ಲ. ಬೆನ್ನಿನ ಏರ್‌ಬ್ಯಾಗ್ ಹಿಮದ ಮೇಲ್ಭಾಗದಲ್ಲೇ ಉಳಿಯಲು ನೆರವಾಗುತ್ತದೆ, ಆದರೆ ಬಂಡೆಗೆ ಬಡಿದರೆ ಅದೂ ಕಾಯಲ್ಲ.

ಗುಲ್ಮಾರ್ಗ್‌ನಲ್ಲಿ ಗೊಂಡೊಲಾ ಟಿಕೆಟ್ ಇದ್ದರೆ ಸಾಕು, ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಬಿಡುತ್ತಾರೆ. ಅಲ್ಲಿ 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳು ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಬಲಿಯಾದರು. ನಾನು ಹೋಗಿದ್ದಾಗ ಬಾಡಿಗೆ ಅಂಗಡಿಯಲ್ಲಿ ಜಾಕೆಟ್, ಬೂಟು, ಹೆಲ್ಮೆಟ್ ಎಲ್ಲಾ ಇತ್ತು. ಬೀಕನ್ ಕೇಳಿದೆ. "ಗೈಡ್ ಹತ್ರ ಒಂದಿದೆ ಸರ್, ಸಾಕು" ಅಂದರು. ಅರ್ಥ ಆಯ್ತಲ್ಲ? ಗೈಡ್ ಹೂತುಹೋದರೆ ಹುಡುಕಲು ನಮ್ಮ ಹತ್ರ ಏನಿಲ್ಲ, ನಾವು ಹೂತರೆ ಗೈಡಿಗೆ ಸಿಗಲು ಸಂಕೇತವೇ ಇಲ್ಲ. ತಂಡಕ್ಕೊಂದು ಬೀಕನ್ ಅಂದ್ರೆ ಒಂದೂ ಇಲ್ಲದ ಹಾಗೆ.

ಅಮೆರಿಕದ ಮೊಂಟಾನಾದ ಬ್ರಿಡ್ಜರ್ ಬೌಲ್‌ನಲ್ಲಿ ಒಂದು ಲಿಫ್ಟಿದೆ. ಬೀಕನ್ ಇಲ್ಲದವರನ್ನು ಅದಕ್ಕೆ ಹತ್ತಿಸುವುದಿಲ್ಲ. ಗುಲ್ಮಾರ್ಗ್‌ನಲ್ಲೂ ಇದು ಕಷ್ಟವೇನಲ್ಲ. ಫೋಟೊ ತೆಗೆಸಿಕೊಳ್ಳಲು ಹೋಗುವವರನ್ನು ಬಿಡಿ, ಕೈಯಲ್ಲಿ ಸ್ಕೀ ಇದ್ದವರನ್ನು ತಡೆದು ಕೇಳಲಿ. ಇದು ದುಬಾರಿ ಸಾಮಾನು, ಎಲ್ಲರೂ ಕೊಳ್ಳಲಾಗದು ನಿಜ. ಅದಕ್ಕೇ ಸರ್ಕಾರವೇ ಗೊಂಡೊಲಾ ಬಾಗಿಲಲ್ಲಿ ಬಾಡಿಗೆಗೆ ಕೊಡಲಿ, ಬಳಸೋದನ್ನೂ ಅಲ್ಲೇ ಕಲಿಸಲಿ.

ಆವತ್ತು ನಾವು ಹಗ್ಗದ ಈಚೆಗೇ ಉಳಿದೆವು. ಹಿಂದಿನ ರಾತ್ರಿಯಷ್ಟೇ ಹೊಸ ಹಿಮ ಬಿದ್ದಿತ್ತು. ಹೆಚ್ಚು ಅಪಾಯ ಇರೋದೂ ಆಗಲೇ, ಸ್ಕೀ ಮಾಡುವವರಿಗೆ ಆಸೆ ಹುಟ್ಟೋದೂ ಆಗಲೇ. ಬೆಂಗಳೂರಿನ ಇನ್ನೊಂದು ತಂಡ ಹಗ್ಗ ದಾಟಿ ಹೋಯ್ತು. ಸಂಜೆ ಚಹಾ ಕುಡಿಯುವಾಗ ಸಿಕ್ಕರು, ಎಲ್ಲರೂ ನಗುತ್ತಿದ್ದರು. ವಿಚಾರಿಸಿದೆ. ಅವರ ತಂಡದಲ್ಲೂ ಬೀಕನ್ ಇದ್ದದ್ದು ಗೈಡ್ ಹತ್ರ ಮಾತ್ರ.