ಖಾಲಿ ಕಾಲು, ತುಂಬಿದ ಕಾಲು



ಕಳೆದ ತಿಂಗಳ ಅಂಕಣದಲ್ಲಿ ಮುಪ್ಪಿನ ಮಂಡಿನೋವಿನ ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದಕ್ಕೆ ಬಂದ ಪತ್ರಗಳಲ್ಲಿ ಒಬ್ಬ ಸೋದರಿಯ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ನೋವನ್ನು ಹೇಗೋ ಸಹಿಸಿಕೊಳ್ಳಬಹುದು, ಆದರೆ ಬಿದ್ದೇನೆಂಬ ಅಂಜಿಕೆಗೆ ಮದ್ದೇನು ಎಂದು ಅವರು ಕೇಳಿದ್ದಾರೆ. ಈ ಪ್ರಶ್ನೆಗೆ ವೈದ್ಯರು ಕೊಡಬಹುದಾದ ಉತ್ತರ ಬೇರೆ. ನಾನು ಬಲ್ಲ ಉತ್ತರವು ದೂರದ ಸಿಂಗಪುರದಲ್ಲಿ, ಭಾಷೆ ತಿಳಿಯದ ಒಬ್ಬ ಚೀನೀ ವೃದ್ಧೆಯಿಂದ ದೊರೆತದ್ದು. ಅದನ್ನೇ ಈ ತಿಂಗಳು ಹೇಳುತ್ತೇನೆ.

ಯಜಮಾನರು ತೀರಿಕೊಂಡ ಮರುವರ್ಷ ನಾನು ಧಾರವಾಡದ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಎಡಗೈಯ ಮಣಿಕಟ್ಟನ್ನು ಮುರಿದುಕೊಂಡೆ. ಮೂಳೆಯೇನೋ ಆರು ವಾರಗಳಲ್ಲಿ ಕೂಡಿಕೊಂಡಿತು. ಆದರೆ ಅದರೊಡನೆ ಕೂಡಿಕೊಂಡ ಅಂಜಿಕೆ ಮಾತ್ರ ಬಿಟ್ಟುಹೋಗಲಿಲ್ಲ. ಮಗಳು ಬಂದು ತನ್ನೊಡನೆ ಸಿಂಗಪುರಕ್ಕೆ ಕರೆದೊಯ್ದಳು. ಹನ್ನೊಂದನೆಯ ಅಂತಸ್ತಿನ ಮನೆ. "ಅವ್ವಾ, ಒಬ್ಬಾಕೀನ ಕೆಳಗ ಇಳೀಬ್ಯಾಡ. ನಾ ಆಫೀಸಿನಿಂದ ಬರೂತನಕಾ ತಡಿ" ಎಂಬುದು ಅವಳ ನಿತ್ಯದ ಅಪ್ಪಣೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವಳು, ಮನೆಯ ಹಾಲು-ತರಕಾರಿಯಿಂದ ಹಿಡಿದು ಬ್ಯಾಂಕಿನ ವ್ಯವಹಾರದವರೆಗೆ ಎಲ್ಲವನ್ನೂ ನಡೆಸಿದವಳು, ಈಗ ಲಿಫ್ಟಿನ ಗುಂಡಿ ಒತ್ತಲು ಮಗಳ ಒಪ್ಪಿಗೆ ಕಾಯುವಂತಾಯಿತು. ಅವಳ ಮೇಲೆ ಸಿಟ್ಟು ಬರುತ್ತಿತ್ತು. ಅವಳ ಮಾತಿನಲ್ಲಿ ತಪ್ಪಿಲ್ಲವಲ್ಲ ಎಂದು ನನ್ನ ಮೇಲೆಯೇ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು. ಗೋಡೆ ಹಿಡಿದು ನಡೆಯುವ ಅಭ್ಯಾಸ ನನಗೆ ಆಗಲೇ ಅಂಟಿಬಿಟ್ಟಿತ್ತು.

ಸಿಂಗಪುರದ ಸರಕಾರಿ ವಸತಿ ಕಟ್ಟಡಗಳ ನೆಲ ಅಂತಸ್ತು ಸಾಮಾನ್ಯವಾಗಿ ಗೋಡೆಗಳಿಲ್ಲದ, ಬರಿಯ ಕಂಬಗಳ ಮೊಗಸಾಲೆ. ಅದನ್ನು ಅಲ್ಲಿಯವರು ವಾಯ್ಡ್ ಡೆಕ್ ಎನ್ನುತ್ತಾರೆ. ವರ್ಷವಿಡೀ ಸೂರ್ಯ ಹುಟ್ಟುವುದು ಏಳು ಗಂಟೆಯ ಸುಮಾರಿಗೆ. ಆ ಹೊತ್ತಿಗೆ ಕೆಳಗೆ ಹದಿನೈದು ಮಂದಿ ವೃದ್ಧರು ಸಾಲಾಗಿ ನಿಂತು, ನೀರಿನಲ್ಲಿ ಕೈಯಾಡಿಸುವವರಂತೆ ಮೆಲ್ಲಮೆಲ್ಲನೆ ಅಂಗಗಳನ್ನು ಚಲಿಸುತ್ತಿದ್ದರು. ಮಗಳೊಡನೆ ಹಾಲು ತರಲು ಹೋದಾಗ ನಾನು ನೋಡುತ್ತ ನಿಂತುಬಿಟ್ಟೆ. ಮುಂದೆ ನಿಂತಿದ್ದ ವೃದ್ಧೆಗೆ ಎಪ್ಪತ್ತೆಂಟು ವರ್ಷವಂತೆ. ಎಲ್ಲರೂ ಆಕೆಯನ್ನು ಲಾವೋಷಿ, ಅಂದರೆ ಗುರುಗಳೇ, ಎಂದು ಕರೆಯುತ್ತಿದ್ದರು. ಆಕೆ ಒಂದು ಕಾಲನ್ನು ಮಡಿಚಿ ಮೇಲೆತ್ತಿ, ಇನ್ನೊಂದು ಕಾಲಿನ ಮೇಲೆ ಅಲುಗಾಡದೆ ನಿಂತರು. ನನ್ನ ಎದೆ ಝಲ್ಲೆಂದಿತು. ಮರುದಿನ ಮಗಳನ್ನು ಒಪ್ಪಿಸಿ ನಾನೂ ಹಿಂದಿನ ಸಾಲಿನ ಕೊನೆಯಲ್ಲಿ, ಕಂಬದ ಪಕ್ಕದಲ್ಲಿ ನಿಂತೆ. ಕಂಬವಿದ್ದದ್ದು ಹಿಡಿದುಕೊಳ್ಳುವುದಕ್ಕೆ.

ಇದು ತಾಯ್‌ಚಿ. ಪೂರ್ಣ ಹೆಸರು ತಾಯ್‌ಚಿ ಚುಆನ್. ಚುಆನ್ ಎಂದರೆ ಮುಷ್ಟಿ. ನೋಡಲು ನೃತ್ಯದಂತಿದ್ದರೂ ಮೂಲತಃ ಇದು ಕಾದಾಟದ ವಿದ್ಯೆ. ಚೀನೀಯರು ತಮ್ಮ ಯುದ್ಧವಿದ್ಯೆಗಳಲ್ಲಿ ಕೆಲವನ್ನು ನೇಜ್ಯಾ ಎಂದು ವಿಂಗಡಿಸುತ್ತಾರೆ. ಆ ಶಬ್ದಕ್ಕೆ ಒಳಮನೆ ಎಂದು ಅರ್ಥ ಹೇಳಬಹುದು. ಹ್ವಾಂಗ್ ಝೋಂಗ್‌ಷೀ ಎಂಬ ವಿದ್ವಾಂಸರು 1669ರಲ್ಲಿ ಒಬ್ಬ ಮಲ್ಲನ ಸಮಾಧಿಗಾಗಿ ಬರೆದ ಲೇಖದಲ್ಲಿ ಈ ಶಬ್ದವಿದೆ. ಮುಂದೆ, 20ನೆಯ ಶತಮಾನದ ಮೊದಲ ದಶಕಗಳಲ್ಲಿ, ಸುನ್ ಲೂತಾಂಗ್ (1860–1933) ಎಂಬ ಗುರು ತಾನು ಕಲಿತ ಮೂರು ವಿದ್ಯೆಗಳನ್ನು ಒಂದೇ ಬಳಗವೆಂದು ಬರೆದು ಪ್ರಸಿದ್ಧಿಗೆ ತಂದರು: ನೇರ ಗೆರೆಯಲ್ಲಿ ನುಗ್ಗುವ ಶಿಂಗ್‌ಯೀ, ವರ್ತುಲದಲ್ಲಿ ಸುತ್ತುವ ಬಾಗ್ವಾ, ಮತ್ತು ತಾಯ್‌ಚಿ. ಸ್ನಾಯುಬಲಕ್ಕಿಂತ ದೇಹದ ಒಳಗಿನ ಹೊಂದಾಣಿಕೆ, ಉಸಿರು, ಸಂಕಲ್ಪ ಇವುಗಳಿಗೆ ಒತ್ತು ಕೊಡುವುದು ಈ ಬಳಗದ ಲಕ್ಷಣ.

ತಾಯ್‌ಚಿಯನ್ನು ಜಾಂಗ್ ಸಾನ್‌ಫೆಂಗ್ ಎಂಬ ತಪಸ್ವಿ ವೂದಾಂಗ್ ಪರ್ವತದಲ್ಲಿ ಕಂಡುಕೊಂಡನೆಂಬ ಕಥೆ ಸೊಗಸಾಗಿದೆ, ಆದರೆ ಅದು ಕಥೆಯೇ. ತಾಂಗ್ ಹಾವೋ ಎಂಬ ಇತಿಹಾಸಕಾರರು 1930ರ ದಶಕದ ಆರಂಭದಲ್ಲಿ ಹೆನಾನ್ ಪ್ರಾಂತದ ಚೆನ್‌ಜ್ಯಾಗೋವ್ ಎಂಬ ಹಳ್ಳಿಗೆ ಹೋಗಿ ಶೋಧಿಸಿ, 17ನೆಯ ಶತಮಾನದ ಚೆನ್ ವಾಂಗ್‌ತಿಂಗ್ ಎಂಬ ಯೋಧನಿಂದ ಈ ವಿದ್ಯೆ ಆ ಮನೆತನದಲ್ಲಿ ಬಂದಿತೆಂದು ಪ್ರತಿಪಾದಿಸಿದರು. ಚೆನ್ ಮನೆತನದವರು ಅದನ್ನು ಬಹುಕಾಲ ತಮ್ಮೊಳಗೇ ಇಟ್ಟುಕೊಂಡಿದ್ದರು. ಹೊರಗಿನವರಾದ ಯಾಂಗ್ ಲೂಚಾನ್ (1799–1872) ಆ ಹಳ್ಳಿಯಲ್ಲಿ ಚೆನ್ ಚಾಂಗ್‌ಶಿಂಗ್ ಎಂಬ ಗುರುವಿನ ಬಳಿ ವರ್ಷಗಟ್ಟಲೆ ಇದ್ದು ಕಲಿತು, ಬೀಜಿಂಗಿಗೆ ಹೋಗಿ ಕಲಿಸತೊಡಗಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಜಿಗಿತ, ಒದೆತಗಳ ಅಬ್ಬರವನ್ನು ತಗ್ಗಿಸಿ, ನಿಧಾನವಾದ, ವಿಶಾಲವಾದ ಚಲನೆಗಳ ರೂಪವನ್ನು ನೆಲೆಗೊಳಿಸಿದರು. ಮುದುಕರೂ ರೋಗಿಗಳೂ ಮಾಡಬಲ್ಲಂಥದು ಅದು. 1956ರಲ್ಲಿ ಚೀನಾದ ಕ್ರೀಡಾ ಇಲಾಖೆಯು ಅದರಿಂದಲೇ 24 ಭಂಗಿಗಳ ಸಂಕ್ಷಿಪ್ತ ಕ್ರಮವನ್ನು ರೂಪಿಸಿತು. ಐದಾರು ನಿಮಿಷಗಳಲ್ಲಿ ಮುಗಿಯುವ ಆ ಕ್ರಮವೇ ಇಂದು ಜಗತ್ತಿನ ಉದ್ಯಾನಗಳಲ್ಲೆಲ್ಲ ಕಾಣುವುದು. ನಮ್ಮ ಕಂಬಗಳ ಮೊಗಸಾಲೆಯಲ್ಲಿ ನಡೆಯುತ್ತಿದ್ದದ್ದೂ ಅದೇ. 2020ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ತಾಯ್‌ಚಿಯನ್ನು ಸೇರಿಸಿತು.

ಇರಲಿ, ಇತಿಹಾಸ ಸಾಕು. ಮೊದಲ ದಿನವೇ ನಾನು ಕಲಿತದ್ದು ಒಂದು ಶಬ್ದ: ಸೋಂಗ್. ಲಾವೋಷಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು ಆಗಾಗ ಇಂಗ್ಲಿಷಿಗೆ ತಂದು ಹೇಳುತ್ತಿದ್ದರು. ಉಳಿದಂತೆ ಲಾವೋಷಿ ಹಿಂದಿನಿಂದ ಬಂದು, ಕಿವಿಗೆ ತಾಗುವಷ್ಟು ಮೇಲೇರಿದ್ದ ನನ್ನ ಹೆಗಲುಗಳ ಮೇಲೆ ಬೆರಳಿಟ್ಟು "ಸೋಂಗ್, ಸೋಂಗ್" ಎನ್ನುವರು. ಸಡಿಲಿಸು ಎಂದರ್ಥ. ಆದರೆ ನಾನು ಸಡಿಲಿಸಿದೊಡನೆ ಕುಸಿದು ಗೂನುಬಿದ್ದಂತೆ ನಿಂತರೆ ಅದಕ್ಕೂ ತಲೆಯಾಡಿಸಿ ಬೇಡವೆನ್ನುವರು. ನೆತ್ತಿಯನ್ನು ಯಾರೋ ನೂಲಿನಿಂದ ಮೇಲಕ್ಕೆ ತೂಗಿ ಹಿಡಿದಂತೆ ಬೆನ್ನು ನೆಟ್ಟಗಿರಬೇಕು. ಆ ನೂಲಿಗೆ ತೂಗುಬಿಟ್ಟ ಬಟ್ಟೆಯಂತೆ ಹೆಗಲು, ಮೊಣಕೈ, ಸೊಂಟ ಇಳಿದಿರಬೇಕು. ಬೆನ್ನು ನೆಟ್ಟಗೆ, ಉಳಿದದ್ದೆಲ್ಲ ಸಡಿಲ. ಹೇಳಲು ಇಷ್ಟೇ. ನನಗೆ ಇದು ಅರ್ಧದಷ್ಟು ಬರುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಎರಡನೆಯ ಪಾಠ ಕಾಲಿನದು. ನನ್ನ ಪತ್ರಮಿತ್ರ ಸೋದರಿಗೆ ಬೇಕಾದದ್ದು ಬಹುಶಃ ಇದೇ ಇರಬೇಕು. ತಾಯ್‌ಚಿಯಲ್ಲಿ ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಹೊತ್ತು ನಡೆಯುವುದು ದೋಷ. ಒಂದು ಕಾಲು ತುಂಬಿದ್ದರೆ ಇನ್ನೊಂದು ಖಾಲಿ ಇರಬೇಕು. ಕೊಡದಿಂದ ಕೊಡಕ್ಕೆ ನೀರು ಸುರಿದಂತೆ ಭಾರವು ಮೆಲ್ಲನೆ ಒಂದರಿಂದ ಇನ್ನೊಂದಕ್ಕೆ ಇಳಿಯಬೇಕು. ಹೆಜ್ಜೆಯಿಡುವಾಗ ಖಾಲಿ ಕಾಲು ಮುಂದೆ ಹೋಗಿ, ಹಿಮ್ಮಡಿಯಿಂದ ನೆಲವನ್ನು ವಿಚಾರಿಸುತ್ತದೆ. ನೆಲ ಸರಿಯಿಲ್ಲವೆ, ಕಾಲನ್ನು ಹಿಂದೆಗೆಯಬಹುದು, ಏಕೆಂದರೆ ಅದರ ಮೇಲೆ ಇನ್ನೂ ಭಾರ ಬಿದ್ದಿಲ್ಲ. ಸರಿಯಿದ್ದರೆ ಮಾತ್ರ ಭಾರ ಇಳಿಯುತ್ತದೆ. ನಾವು ದಿನನಿತ್ಯ ನಡೆಯುವ ರೀತಿ ಹೀಗಲ್ಲ. ಕಾಲು ನೆಲ ಮುಟ್ಟುವ ಮೊದಲೇ ದೇಹ ಮುಂದಕ್ಕೆ ಬಾಗಿರುತ್ತದೆ. ಕಾಲು ಬಂದು ಅದನ್ನು ಹಿಡಿಯುತ್ತದೆ. ಎಳೆಯ ವಯಸ್ಸಿನಲ್ಲಿ ಕಾಲು ತಪ್ಪದೆ ಬರುತ್ತದೆ. ನನ್ನ ವಯಸ್ಸಿನಲ್ಲಿ ಒಮ್ಮೊಮ್ಮೆ ತಡವಾಗುತ್ತದೆ, ಇಲ್ಲವೆ ಒದ್ದೆ ನೆಲದ ಮೇಲೆ ಬಂದು ಬೀಳುತ್ತದೆ. ಆ ದಿನ ಬಚ್ಚಲಿನಲ್ಲಿ ಆದದ್ದು ಇದೇ ಎಂದು ನನಗೆ ಮೊಗಸಾಲೆಯಲ್ಲಿ ನಿಂತಾಗ ಹೊಳೆಯಿತು.

ಆದರೆ ತಿಳಿದದ್ದು ಮೈಗೆ ಬರುವುದು ಸುಲಭವಲ್ಲ. ಒಂಟಿಕಾಲಿನ ಭಂಗಿ ಬಂದಾಗಲೆಲ್ಲ ನನ್ನ ಕೈ ತಾನಾಗಿ ಕಂಬಕ್ಕೆ ಹೋಗುತ್ತಿತ್ತು. ಲಾವೋಷಿ ಒಂದು ದಿನವೂ ಅದನ್ನು ಬಿಡೆಂದು ಹೇಳಲಿಲ್ಲ. ಮೂರನೆಯ ತಿಂಗಳಲ್ಲಿ ನನ್ನನ್ನು ಸಾಲಿನಲ್ಲಿ ಒಂದಡಿ ಪಕ್ಕಕ್ಕೆ ಸರಿಸಿದರು; ಕಂಬ ಬೆರಳತುದಿಗೆ ಮಾತ್ರ ಎಟುಕುವಂತಾಯಿತು. ಮತ್ತೆ ಕೆಲವು ವಾರ ಕಳೆದು ಇನ್ನೊಂದಡಿ.

ಒಂದು ಬೆಳಿಗ್ಗೆ, ಅಭ್ಯಾಸ ಮುಗಿದ ಮೇಲೆ, ಅವರು ತಮ್ಮ ಮುಂಗೈಯನ್ನು ನನ್ನ ಮುಂಗೈಗೆ ತಾಗಿಸಿ ನಿಂತರು. ಇದಕ್ಕೆ ತುಯ್‌ಶೋವ್, ತಳ್ಳುವ ಕೈ, ಎನ್ನುತ್ತಾರೆ. ಇಬ್ಬರು ಎದುರುಬದುರು ನಿಂತು, ಕೈ ತಾಗಿಸಿ, ಒಬ್ಬರ ಸಮತೋಲವನ್ನು ಇನ್ನೊಬ್ಬರು ಅರಸುವ ಅಭ್ಯಾಸ. ತಳ್ಳು ಎಂದು ಸನ್ನೆ ಮಾಡಿದರು. ಹಿರಿಯ ಜೀವ, ಎಲ್ಲಿ ಬಿದ್ದಾರೋ ಎಂದು ಮೆಲ್ಲಗೆ ತಳ್ಳಿದೆ. ಕೈಗೆ ಏನೂ ಸಿಗಲಿಲ್ಲ. ತೆರೆದ ಬಾಗಿಲನ್ನು ಮುಚ್ಚಿದೆಯೆಂದು ತಿಳಿದು ನೂಕಿದವರ ಹಾಗೆ ನಾನೇ ಮುಗ್ಗರಿಸಿದೆ. ಬೀಳುವ ಮೊದಲೇ ಆ ಸಣ್ಣ ಕೈ ನನ್ನ ಮೊಣಕೈಯನ್ನು ಆತುಕೊಂಡಿತ್ತು. ಆಮೇಲೆ ಅವರು ನನ್ನನ್ನು ತಳ್ಳಿದರು. ಬಲ ಹಾಕಿದಂತೆಯೇ ತೋರಲಿಲ್ಲ. ಆದರೂ ನಾನು ಒನಕೆಯಂತೆ ಬುಡಸಮೇತ ಹಿಂದಕ್ಕೆ ಹೋದೆ. ಅಂಜಿದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ಎಲ್ಲಿ ಮುಟ್ಟಿದರೂ ಹಿಡಿ ಸಿಕ್ಕಂತೆ. ನಾನು ಬೀಳದಿರಲೆಂದು ಇಷ್ಟು ದಿನ ಮಾಡುತ್ತಿದ್ದ ಬಿಗಿಯೇ ನನ್ನನ್ನು ಬೀಳಿಸುವ ಹಿಡಿಯಾಗಿತ್ತು. ಅಂದು ಮನೆಗೆ ಬಂದು ಮಗಳಿಗೆ ಇದನ್ನು ವಿವರಿಸಲು ಹೋಗಿ ಅವಳನ್ನು ಸೋಫಾದ ಮೇಲೆ ಕೆಡವಿದೆ. ಅವಳು ನಕ್ಕಳು. ಬಹಳ ದಿನಗಳ ಮೇಲೆ ನಾವಿಬ್ಬರೂ ಕೂಡಿ ನಕ್ಕಿದ್ದೆವು.

ನಮ್ಮ ತಂದೆಯವರು ಗರಡಿಮನೆಗೆ ಹೋಗುತ್ತಿದ್ದವರು. ಕೆಮ್ಮಣ್ಣು, ಎಣ್ಣೆ, ದಂಡ-ಬೈಠಕ್ಕು, ಸಾಮು. ಹೆಣ್ಣುಮಕ್ಕಳಾದ ನಾವು ಹೊಸ್ತಿಲಿನ ಆಚೆಗೇ ನಿಲ್ಲಬೇಕಾಗಿತ್ತು. ಪಟ್ಟು ಎಂದರೆ ಬಲವಲ್ಲ, ಎದುರಾಳಿಯ ಬಲ ಎತ್ತ ಹೋಗುತ್ತದೆಂದು ಅರಿಯುವುದು ಎಂದು ತಂದೆಯವರು ಹೇಳುತ್ತಿದ್ದುದು ಲಾವೋಷಿಯ ಕೈ ತಾಗಿದಾಗ ನೆನಪಾಯಿತು. ಎಪ್ಪತ್ತರ ಸಮೀಪದಲ್ಲಿ ನನಗೂ ಒಂದು ಗರಡಿಮನೆ ದೊರೆಯಿತಲ್ಲ ಎಂದು ಕೊಂಚ ಹೆಮ್ಮೆಯೂ ಆಯಿತು.

ಈ ವಿದ್ಯೆಯ ಹೆಸರಿನಲ್ಲಿ ಹರಡಿರುವ ಪೊಳ್ಳು ಮಾತುಗಳ ವಿಷಯದಲ್ಲಿ ಓದುಗರು ಎಚ್ಚರದಿಂದಿರಬೇಕು. ಮುಟ್ಟದೆಯೇ ಪ್ರಾಣಶಕ್ತಿಯಿಂದ ಎದುರಾಳಿಯನ್ನು ಉರುಳಿಸುತ್ತೇವೆ ಎನ್ನುವವರಿದ್ದಾರೆ. 2017ರಲ್ಲಿ ಚೆಂಗ್ಡು ನಗರದಲ್ಲಿ ತಾಯ್‌ಚಿ ಗುರುವೆಂದು ಹೇಳಿಕೊಂಡ ಒಬ್ಬರನ್ನು ಶೂ ಶ್ಯಾವೋದೋಂಗ್ ಎಂಬ ಆಧುನಿಕ ಮಿಶ್ರ ಕಾದಾಟದ ಪಟು ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೆ ಕೆಡವಿದಾಗ ಚೀನಾದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಲಾವೋಷಿಗೆ ಆ ಸುದ್ದಿಯ ಬಗ್ಗೆ ಕೇಳಿಸಿದೆ. ಅವರು ಕೈಚೀಲದಿಂದ ಕಿತ್ತಳೆ ತೆಗೆದು ಸುಲಿದು ಕೊಟ್ಟು, ತಾವು ಯಾರೊಡನೆಯೂ ಹೊಡೆದಾಡುವವರಿಲ್ಲ, ಬಸ್ಸು ಹತ್ತಿ ಇಳಿಯುವುದಷ್ಟೇ ತಮಗೆ ಬೇಕಾಗಿದೆ ಎಂದರಂತೆ. ಭಾಷಾಂತರಿಸುತ್ತಿದ್ದ ಹಿರಿಯರಿಗೆ ನಗು ತಡೆಯಲಾಗಲಿಲ್ಲ.

ಬಸ್ಸು ಹತ್ತಿ ಇಳಿಯುವುದಕ್ಕೆ ಈ ವಿದ್ಯೆ ನೆರವಾಗುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಪಾರ್ಕಿನ್‌ಸನ್ ಕಾಯಿಲೆಯ 195 ರೋಗಿಗಳನ್ನು ಮೂರು ಗುಂಪು ಮಾಡಿ, ವಾರಕ್ಕೆ ಎರಡು ಬಾರಿಯಂತೆ 24 ವಾರ ಅಭ್ಯಾಸ ಮಾಡಿಸಿದರು. ಒಂದು ಗುಂಪಿಗೆ ತಾಯ್‌ಚಿ, ಒಂದಕ್ಕೆ ತೂಕದ ವ್ಯಾಯಾಮ, ಇನ್ನೊಂದಕ್ಕೆ ಮೈ ಹಿಗ್ಗಿಸುವ ವ್ಯಾಯಾಮ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ನಿಲುವಿನ ಸ್ಥಿರತೆಯಲ್ಲಿ ತಾಯ್‌ಚಿ ಗುಂಪು ಉಳಿದೆರಡಕ್ಕಿಂತ ಮುಂದಿತ್ತು. ಮೈ ಹಿಗ್ಗಿಸಿದವರಿಗಿಂತ ಇವರು ಬಿದ್ದದ್ದೂ ಕಡಿಮೆ. ತೂಕದ ವ್ಯಾಯಾಮದವರಿಗೆ ಹೋಲಿಸಿದರೆ ಬೀಳುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಕಾಯಿಲೆ ಗುಣವಾಯಿತೆಂದು ಆ ಸಂಶೋಧಕರು ಹೇಳಿಲ್ಲ.

ಮಂಡಿಯ ಬಗ್ಗೆ ಒಂದು ಮಾತು. ಮೊಣಕಾಲು ಪಾದದ ಬೆರಳುಗಳ ದಿಕ್ಕಿಗೇ ಬಾಗಬೇಕು, ಬೆರಳ ತುದಿಯನ್ನು ದಾಟಿ ಮುಂದೆ ಹೋಗಬಾರದು. ಭಾರ ತುಂಬಿದ ಕಾಲಿನ ಮೇಲೆ ನಿಂತು ಮೈ ತಿರುಚಿದರೆ ಮಂಡಿ ಕೆಡುತ್ತದೆ. ಎರಡನೆಯ ತಿಂಗಳಲ್ಲಿ, ಬೇಗ ಕಲಿಯುವ ಆಸೆಯಿಂದ ಹೆಚ್ಚು ಕೆಳಗೆ ಕುಳಿತು ಅಭ್ಯಾಸ ಮಾಡಿ ನಾನು ಹತ್ತು ದಿನ ಮಂಡಿ ಊದಿಸಿಕೊಂಡು ಕುಳಿತೆ. ಮಗಳು ಏನೂ ಅನ್ನಲಿಲ್ಲ, ಆದರೆ ಅವಳ ಮುಖ ನೋಡಲಾಗಲಿಲ್ಲ. ಎತ್ತರದ ನಿಲುವಿನಲ್ಲೇ ಮಾಡಿರಿ. ಮೊದಲು ಕಲಿಸುವವರ ಎದುರಿನಲ್ಲಿ ಮಾಡಿರಿ. ಪುಸ್ತಕ, ಚಿತ್ರ ನೋಡಿ ಕಾಲಿನ ಭಾರ ಕಲಿಯಲಾಗದು.

ಎಂಟು ತಿಂಗಳ ಮೇಲೆ ನಾನು ಧಾರವಾಡಕ್ಕೆ ಹೊರಟಾಗ ಮಗಳು ವಿಮಾನ ನಿಲ್ದಾಣದವರೆಗೂ ವಾದಿಸಿದಳು. ಕಡೆಗೆ "ಆತು, ಹೋಗವ್ವಾ. ಆದ್ರ ಬಚ್ಚಲದಾಗ ಹಿಡಿಕಿ ಹಾಕಸ್ತೀನಿ, ಅದಕ್ಕ ಬ್ಯಾಡ ಅನಬ್ಯಾಡ" ಎಂದಳು. ಅನ್ನಲಿಲ್ಲ. ಲಾವೋಷಿಗೆ ನಾನು ಕಸೂತಿಯ ಒಂದು ಇಳಕಲ್ ಸೀರೆಯನ್ನು ಕೊಟ್ಟಿದ್ದೆ. ಅವರು ಅದನ್ನು ಬಿಡಿಸಿ, ಎಷ್ಟು ಉದ್ದವೆಂದು ಅಳೆಯುವವರಂತೆ ಮೊಗಸಾಲೆಯ ಕಂಬದಿಂದ ಕಂಬಕ್ಕೆ ಹಿಡಿದು ನೋಡಿ ಬೆರಗಾದರು.

ಈಗ ಬೆಳಿಗ್ಗೆ ಆರಕ್ಕೆ ತಾರಸಿಯ ಮೇಲೆ ಅಭ್ಯಾಸ ಮಾಡುತ್ತೇನೆ. 24ರಲ್ಲಿ 17ನೆಯ ಭಂಗಿಯ ಮುಂದಕ್ಕೆ ಕ್ರಮ ತಪ್ಪುತ್ತದೆ. ತಪ್ಪಿದಲ್ಲಿಂದ ಮತ್ತೆ ಮೊದಲಿಗೆ ಹೋಗುತ್ತೇನೆ. ಪಕ್ಕದ ಮನೆಯ ಹುಡುಗ ಮೊದಮೊದಲು ನೋಡಿ ನಗುತ್ತಿದ್ದ, ಈಗ ಅವನ ಅಜ್ಜಿಯನ್ನೂ ಮೆಟ್ಟಿಲು ಹತ್ತಿಸಿ ಕರೆತರುತ್ತಾನೆ. ಆಕೆ ತಾರಸಿಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಒಂದು ಕಾಲು ಎತ್ತುತ್ತಾರೆ. ನಾನೂ ಬಿಡೆಂದು ಹೇಳುವುದಿಲ್ಲ. ಬಚ್ಚಲಿನ ಹಿಡಿಕೆ ಹಾಗೇ ಇದೆ, ಇಳಿಯುವಾಗ ಅದನ್ನು ಹಿಡಿದೇ ಇಳಿಯುತ್ತೇನೆ, ಖಾಲಿ ಕಾಲನ್ನು ಮೊದಲು ಇಟ್ಟು.